ಕಪ್ಪು ಪಟ್ಟಿಯಡಿಯ ದಿಬ್ಬ

"ಯಾರಾದ್ರೂ ಮುಂಚೆನೇ ನೋಡಿದೀರಾ?"

ಪರಿಶೀಲನೆಯ ಮುಖ್ಯಸ್ಥೆ ಮೇಜಿನ ಆ ತುದಿಯಿಂದ ಒಬ್ಬೊಬ್ಬರನ್ನೇ ಕೇಳುತ್ತ ಬರುತ್ತಿದ್ದರು. ಪ್ರಯೋಗಾಲಯದವರು ಆಕೆಗೆ ಇಟ್ಟ ಹೆಸರು ತಕ್ಕಡಿ. ಪರದೆಯ ಮೇಲೆ ಗ್ರಾಫು, ಅದರ ನಡುವೆ ಕಪ್ಪು ಪಟ್ಟಿ. ಪ್ರೋಟಾನುಗಳ ಡಿಕ್ಕಿಯಲ್ಲಿ ಎರಡು ಭಾರದ ಕ್ವಾರ್ಕು, ಎರಡು ಪ್ರತಿಕ್ವಾರ್ಕು ಕೂಡಿ ಒಂದೇ ಕಣವಾಗಿದ್ದರೆ ಆ ಪಟ್ಟಿಯಡಿ ದಿಬ್ಬ ಏಳಬೇಕು. ಯಾವ ಡಿಕ್ಕಿ ಉಳಿಸಬೇಕು, ಯಾವುದು ಬಿಡಬೇಕು ಎನ್ನುವ ಜರಡಿಯ ನಿಯಮ ತೀರ್ಮಾನವಾಗುವ ತನಕ ಅಲ್ಲಿ ಇಣುಕುವಂತಿಲ್ಲ. ಇಣುಕಿದವರ ಕೈ ತಾನಾಗಿ ದಿಬ್ಬದ ಕಡೆಗೇ ಜರಡಿ ಆಡಿಸುತ್ತದೆ. ಎಲ್ಲರೂ ಇಲ್ಲವೆಂದ ಮೇಲೆಯೇ ಪಟ್ಟಿ ಸರಿಯುವುದು.

ಮೇಜಿನ ಈ ತುದಿಯಲ್ಲಿದ್ದ ಸಂಶೋಧನಾ ಸಹಾಯಕಿ ನೋಡಿದ್ದಳು.

ಮೂರು ವಾರದ ಹಿಂದೆ ಮಾರ್ಗದರ್ಶಕರು ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ಆ ನಾಲ್ಕು ಕ್ವಾರ್ಕೂ ಒಂದೇ ಹೊಡೆತದಲ್ಲಿ ಹುಟ್ಟಿ ಬೆಸೆದುಕೊಳ್ಳುತ್ತವೆ ಎಂಬುದು ಅವರ ಜೀವಮಾನದ ವಾದ. ಆದರೆ ಬೇರೆ ಬೇರೆ ಹೊಡೆತದಲ್ಲಿ ಹುಟ್ಟಿದ ಜೋಡಿಗಳೂ ಬಸ್ಸಿನಲ್ಲಿ ಒತ್ತಿ ನಿಂತ ಅಪರಿಚಿತರಂತೆ ಅಕ್ಕಪಕ್ಕ ಸಿಕ್ಕಿಬಿಡುತ್ತವೆ. ಅವನ್ನು ಜರಡಿ ಹಿಡಿದು ಬೇರ್ಪಡಿಸುವುದು ಅವಳ ಕೆಲಸ. "ಒಂದ್ಸಲ ಪಟ್ಟಿ ಸರಿಸಮ್ಮ, ಯಾರಿಗೆ ಗೊತ್ತಾಗತ್ತೆ?" ಎಂದಿದ್ದರು. ಕಂಡದ್ದು ಸಣ್ಣ ಉಬ್ಬು. ಜರಡಿ ಬಿಗಿ ಮಾಡು, ಇನ್ನೊಂಚೂರು ಬಿಗಿ ಮಾಡು ಎನ್ನುತ್ತ ಹೋದರು. ನಾಲ್ಕನೆಯ ಸಲಕ್ಕೆ ಅದು ಕೋಳಿಜುಟ್ಟಿನ ಹಾಗೆ ನೆಟ್ಟಗಾಯಿತು. ಅದು ನಿಜವಾದ ದಿಬ್ಬವೋ ತಾವೇ ಕಟ್ಟಿದ್ದೋ, ಅವಳಿಗೂ ತಿಳಿಯದು.

ಅವಳ ಕೆಲಸದ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುವ ರುಜು ಮಾರ್ಗದರ್ಶಕರದು. ಕಂಪ್ಯೂಟರಿನಲ್ಲಿ ಉಳಿದ ಗುರುತು ಅವಳದು. ಅಪ್ಪಣೆಗೆ ಗುರುತಿಲ್ಲ, ಬೆರಳಿಗೆ ಇದೆ. ದೊಡ್ಡವರ ಪ್ರಪಂಚ ನಿಂತಿರುವುದೇ ಈ ಏರ್ಪಾಟಿನ ಮೇಲೆ. ಮನೆಯಲ್ಲಿ ಅಣ್ಣನಂತೂ ತಂಗಿ ಹೊಸ ಕಣ ಹಿಡಿದಳೆಂದು ನೆಂಟರಿಗೆಲ್ಲ ಡಂಗುರ ಸಾರಿಯಾಗಿತ್ತು.

ಒಬ್ಬರು ಇಲ್ಲವೆಂದರು. ಇನ್ನೊಬ್ಬರೂ. ಸರದಿ ಮಾರ್ಗದರ್ಶಕರಿಗೆ ಬಂತು.

"ನಂಗೆ ಕನ್ನಡಕ ಹಾಕಿದ್ರೂ ಕಾಣಲ್ಲ, ಇನ್ನು ಪಟ್ಟಿ ಕೆಳಗೇನು ನೋಡ್ಲಿ ಮೇಡಂ?"

ಕೋಣೆ ನಕ್ಕಿತು. ಪಕ್ಕದಲ್ಲೇ ಇದ್ದ ಅವರ ಕೈ ಸಹಾಯಕಿಯ ಕುರ್ಚಿಯ ಬೆನ್ನಿನ ಮೇಲೆ ಬಂದು ಕೂತಿತು.

ತಕ್ಕಡಿ ಅವಳತ್ತ ತಿರುಗಿದರು. ಇಲ್ಲ ಎಂದರೆ ಮುಗಿಯಿತು, ಎರಡೇ ಅಕ್ಷರ.

"ನೋಡಿದೀನಿ ಮೇಡಂ. ನೋಡ್ಕೊಂಡೇ ಜರಡಿ ಬಿಗಿ ಮಾಡಿದೀನಿ. ನಾಲ್ಕು ಸಲ."

ತಕ್ಕಡಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ನೀನೊಬ್ಬಳೇನಾ?"

ಕುರ್ಚಿಯ ಮೇಲಿನ ಕೈ ಬಿಗಿಯಾಯಿತು.

"ಅಲ್ಲ. ಸರ್ ಹೇಳಿದ್ರು. ಜೊತೇಲೇ ನಿಂತಿದ್ರು."

ಮುಖ್ಯಸ್ಥೆ ಹೇಳಿಕೆ ಬರೆದುಕೊಡಲು ಒಂದು ಖಾಲಿ ಹಾಳೆ ಅವಳ ಮುಂದೆ ಸರಿಸಿದರು. ಅವಳು ದಿನಾಂಕ ಹಾಕಹೊರಟಳು. ಪೆನ್ನಿನ ಮೊನೆ ಒತ್ತಿ ಮೊದಲ ಅಂಕಿಯಲ್ಲೇ ಹಾಳೆ ಹರಿಯಿತು. ಹರಿದುದರ ಪಕ್ಕಕ್ಕೆ ಪೆನ್ನು ಸರಿಸಿ, ಮತ್ತೆ ಬರೆಯತೊಡಗಿದಳು.