ಹುಬ್ಬಿನ ಸನ್ನೆ

ತಂಗಿ ಫೋನ್ ಮಾಡಿ ಗೋಳೋ ಎಂದು ಅತ್ತಾಗ ದೊಡ್ಡವಳಿಗಾದ ಖುಷಿ ಅಷ್ಟಿಷ್ಟಲ್ಲ. ಹೌದು, ಖುಷಿಯೇ. ಅದನ್ನು ಮುಚ್ಚಿಟ್ಟು ಒಳ್ಳೆಯವಳ ವೇಷ ಹಾಕುವ ಜಾಯಮಾನ ಅವಳದಲ್ಲ.

"ಅಕ್ಕಾ, ಜ್ವರ ಬಿಟ್ಟ ಮೇಲೆ ನಂಗೂ ಮೂಗು ಹೋಯ್ತು ಕಣೇ. ಸೋಪಿಗೂ ಸೀಮೆಎಣ್ಣೆಗೂ ವ್ಯತ್ಯಾಸ ಗೊತ್ತಾಗ್ತಿಲ್ಲ," ಎಂದಳು ಚಿಕ್ಕವಳು. "ನಾಳೆ ಕಂಪನಿ ಮಾಲೀಕರು ತಮ್ಮ ಮನೆಗೆ ಎಸ್ಪ್ರೆಸೊ ಕಾಫಿ ಮೆಷಿನ್ ಆರಿಸೋಕೆ ನೀನಿರೋ ಅಂಗಡಿಗೇ ಬರ್ತಿದ್ದಾರೆ. ರುಚಿ ನೋಡಿ ಹೇಳೋಕೆ ನಾನೇ ಆಗ್ಬೇಕಂತೆ. ಮೂಗಿಲ್ಲ ಅಂತ ಗೊತ್ತಾದ್ರೆ ಅಲ್ಲೇ ಕೆಲಸದಿಂದ ತೆಗೀತಾರೆ. ನಿನ್ನ ಮೂಗು ಸರಿಹೋಗಿದೆ ಅಂತ ಅಮ್ಮ ಹೇಳಿದ್ಲು. ಚೆನ್ನಾಗಿದ್ರೆ ಹುಬ್ಬು ಹಾರಿಸು, ಕೆಟ್ಟಿದ್ರೆ ಕಣ್ಣು ಕೆಳಗೆ ಹಾಕು, ಅಷ್ಟೇ ಸಾಕು. ನಿನ್ನ ಕಾಲಿಗೆ ಬೀಳ್ತೀನಿ."

"ಅಳಬೇಡ್ವೇ. ಬಾ, ನಾನಿದ್ದೀನಲ್ಲ," ಎಂದಳು ದೊಡ್ಡವಳು, ಬೆಣ್ಣೆಯಂಥ ದನಿಯಲ್ಲಿ. ಫೋನ್ ಇಟ್ಟವಳೇ ಹಲ್ಲು ಕಡಿದಳು.

ಹುಬ್ಬಂತೆ ಹುಬ್ಬು! ಆ ಮಾತು ಕಿವಿಗೆ ಬಿದ್ದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾಲೀಕರ ಕಾಫಿ ಕಂಪನಿಯಲ್ಲಿ ರುಚಿ ನೋಡುವ ಮೇಜಿಗೆ ಒಂದು ಕಾಲದಲ್ಲಿ ಇವಳೇ ಮುಖ್ಯಸ್ಥೆ. ಆ ಮೇಜಿನ ಕಟ್ಟುಪಾಡು ಕಟ್ಟುನಿಟ್ಟು. ಸಾಲಾಗಿಟ್ಟ ಕಪ್ಪುಗಳಿಂದ ಚಮಚದಲ್ಲಿ ಎತ್ತಿ, ಸುರ್ರೆಂದು ಹೀರಿ, ಉಗುಳಬೇಕು. ಕೊನೆಯವರು ಚಮಚ ಮಗುಚಿಡುವ ತನಕ ಯಾರೂ ಬಾಯಿ ಬಿಡುವಂತಿಲ್ಲ, ಮುಖದಲ್ಲೂ ಏನೂ ತೋರಿಸುವಂತಿಲ್ಲ. ಹಾಳು ಜ್ವರವೊಂದು ಬಂದು ಇವಳ ಮೂಗನ್ನು ಕೊಂಡೊಯ್ದಾಗ, ಎದುರಿಗೆ ಕೂರುತ್ತಿದ್ದ ತಂಗಿಯೇ ಈ ಸನ್ನೆಯ ಉಪಾಯ ಹೇಳಿದ್ದು. ಮೇಜಿನಾಚೆ ಕೂದಲೆಳೆಯಷ್ಟು ಏಳುವ ಹುಬ್ಬು ಯಾರ ಕಣ್ಣಿಗೂ ಬೀಳಲಿಲ್ಲ, ದಿನಗಳು ಸಲೀಸಾಗಿ ಸಾಗಿದವು.

ಆಮೇಲೆ ಬಂತು ಆ ದಿನ. ದೊಡ್ಡ ದೊಡ್ಡ ಗಿರಾಕಿಗಳು ಸುತ್ತ ನಿಂತಿದ್ದರು. ಬೂಷ್ಟು ಹಿಡಿದ ಬೀಜದ ಕಪ್ಪಿಗೆ ತಂಗಿ ಹುಬ್ಬು ಹಾರಿಸಿದಳು. ಇವಳು ಅದನ್ನು ನಂಬಿ, "ಜೇನಿನ ಘಮ, ಇಡೀ ಸಾಲಿನಲ್ಲಿ ಇದೇ ಮೇಲು," ಎಂದು ಹೊಗಳಿದಳು. ಒಬ್ಬ ಗಿರಾಕಿ ಕಿಸಕ್ಕನೆ ನಕ್ಕ. ಮಾಲೀಕರು ಕಪ್ಪನ್ನು ಮೂಸಿ ನೋಡಿ, "ಮೂಗಿಲ್ಲದವರಿಗೆ ಈ ಮೇಜಲ್ಲಿ ಜಾಗ ಇಲ್ಲ," ಎಂದುಬಿಟ್ಟರು. ಅವಳ ಕುರ್ಚಿಯ ಬಿಸಿ ಆರುವ ಮೊದಲೇ ಅದರಲ್ಲಿ ತಂಗಿ ಕೂತಿದ್ದಳು. ಕೇಳಿದರೆ, "ಕೈತಪ್ಪಿ ಆಯ್ತು ಅಕ್ಕಾ," ಅಂದಳು. ಹುಬ್ಬು ಕೈತಪ್ಪಿ ಹಾರುತ್ತದಂತೆ! ಎಲ್ಲಾದರೂ ಕೇಳಿದ್ದೀರಾ?

ಈಗ ದೊಡ್ಡವಳು ಕಾಫಿ ಯಂತ್ರಗಳ ಅಂಗಡಿಯಲ್ಲಿ ಗಿರಾಕಿಗಳಿಗೆ ಕಾಫಿ ತೆಗೆದು ತೋರಿಸುವ ಕೆಲಸದಲ್ಲಿದ್ದಳು. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆದಳು. ಕಟ್ಟೆಯ ಮೇಲೆ ಎರಡು ಯಂತ್ರಗಳನ್ನು ಜೋಡಿಸಿದಳು. ಒಂದು ಬರೀ ಉಕ್ಕಿನ ಡಬ್ಬಿ, ನೋಡಲು ಏನೇನೂ ಚೆಂದವಿಲ್ಲ. ಆದರೆ ನೀರಿನ ಬಿಸಿ ಅದರಲ್ಲಿ ಒಂಚೂರೂ ಆಚೀಚೆ ಆಗುವುದಿಲ್ಲ. ಇನ್ನೊಂದಕ್ಕೆ ಹಿತ್ತಾಳೆಯ ಮೈ, ಮೇಲಿಂದ ಕೆಳಗೆ ಎಳೆಯುವ ಉದ್ದನೆಯ ಮರದ ಹಿಡಿ. ದುಡ್ಡಿದ್ದವರು ಒಳಗೆ ಬಂದರೆ ಮೊದಲು ಸವರುವುದು ಅದನ್ನೇ. ರಿಪೇರಿ ಕೋಣೆಯ ಕಸದ ಬುಟ್ಟಿಯಿಂದ ಸುಟ್ಟು ಕರಕಲಾದ ಹಳೆಯ ಗ್ಯಾಸ್ಕೆಟ್, ನೀರು ಸೋರದಂತೆ ತಡೆಯುವ ರಬ್ಬರ್ ಬಳೆ, ಒಂದನ್ನು ಆರಿಸಿ ತಂದು, ಹಿತ್ತಾಳೆ ಯಂತ್ರದ ಹೊಸ ಗ್ಯಾಸ್ಕೆಟ್ ಬಿಚ್ಚಿ ಇದನ್ನು ಕೂರಿಸಿದಳು. ಒಂದು ಕಪ್ಪು ತೆಗೆದು ಮೂಸಿದಳು. ಅಬ್ಬಾ, ಟಯರಿಗೆ ಬೆಂಕಿ ಬಿದ್ದ ನಾತ!

ಲೆಕ್ಕ ಸರಳವಾಗಿತ್ತು. ಮೊದಲ ಕಪ್ಪಿಗೆ ನಿಜ ಹೇಳಿ ನಂಬಿಸುವುದು. ಎರಡನೆಯದಕ್ಕೆ ಹುಬ್ಬು ಹಾರಿಸಿ ಹಳ್ಳಕ್ಕೆ ಕೆಡವುವುದು. ತಾನು ಉಂಡದ್ದನ್ನೇ ಅವಳಿಗೂ ಬಡಿಸಬೇಕು, ಒಂದು ತುತ್ತೂ ಕಮ್ಮಿಯಿಲ್ಲದಂತೆ.

ಮಾಲೀಕರು ಬಂದರು. ಹಿಂದೆಯೇ ಚಿಕ್ಕವಳು. ಅವಳ ಮುಖ ಬಿಳಿಚಿಕೊಂಡಿತ್ತು, ಕರ್ಚೀಫನ್ನು ಹಿಂಡಿ ಹಿಪ್ಪೆ ಮಾಡಿದ್ದಳು.

"ಓ, ನೀವಿಲ್ಲಿ ಇದ್ದೀರಾ?" ಎಂದರು ಮಾಲೀಕರು, ತುಸು ಮುಜುಗರದಿಂದ.

"ಎಲ್ಲೋ ಒಂದು ಕಡೆ ಇರಬೇಕಲ್ಲ ಸರ್," ಎಂದಳು ದೊಡ್ಡವಳು.

ಉಕ್ಕಿನ ಯಂತ್ರಕ್ಕೆ ಪುಡಿ ಒತ್ತಿ, ಹಿಡಿಕೆ ತಿರುಗಿಸಿ, ಎರಡು ಪುಟ್ಟ ಕಪ್ಪುಗಳಿಗೆ ಕಾಫಿ ಇಳಿಸಿದಳು. ಜೇನಿನಂತೆ ದಪ್ಪಗೆ ಇಳಿಯಿತು. ತಂಗಿ ಸುರ್ರೆಂದು ಹೀರಿ, ಉಗುಳಿ, ಅಕ್ಕನ ಮುಖ ನೋಡಿದಳು. ದೊಡ್ಡವಳು ಹುಬ್ಬು ಹಾರಿಸಿದಳು. ಘಮದಿಂದಲೇ ಗೊತ್ತಾಗುತ್ತಿತ್ತು, ಕಾಫಿ ನಿಜಕ್ಕೂ ಅಮೃತದಂತಿತ್ತು.

ಚಿಕ್ಕವಳು ಆ ಹುಬ್ಬನ್ನು ನೋಡಿದಳು, ತುಟಿ ಕಚ್ಚಿದಳು, ಚಮಚ ಮಗುಚಿಟ್ಟಳು. "ಅಂಥ ವಿಶೇಷ ಏನಿಲ್ಲ ಸರ್. ಸಪ್ಪೆ. ಒಗರು ಬೇರೆ," ಎಂದಳು.

"ಹೌದಾ? ನನಗೇನೋ ಚೆನ್ನಾಗೇ ಇದೆ ಅನ್ನಿಸ್ತಪ್ಪ," ಎಂದು ಮಾಲೀಕರು ಕಪ್ಪನ್ನು ಇನ್ನೊಮ್ಮೆ ತುಟಿಗಿಟ್ಟರು.

ದೊಡ್ಡವಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮರುಕ್ಷಣ ಎಲ್ಲ ತಿಳಿಯಿತು. ಅಯ್ಯೋ ಕಳ್ಳಿ! ಕಾಲಿಗೆ ಬಿದ್ದು ಸಹಾಯ ಕೇಳಿದವಳು ಸಹಾಯವನ್ನೇ ನಂಬುತ್ತಿಲ್ಲ. ಅಕ್ಕ ಸೇಡು ತೀರಿಸಿಯೇ ತೀರಿಸುತ್ತಾಳೆ, ಸುಳ್ಳು ಸನ್ನೆಯನ್ನೇ ಮಾಡುತ್ತಾಳೆ ಎಂದು ಎಣಿಸಿ, ಹುಬ್ಬನ್ನು ತಿರುವುಮುರುವಾಗಿ ಓದುತ್ತಿದ್ದಾಳೆ. ಈಗ ಸುಟ್ಟ ಗ್ಯಾಸ್ಕೆಟ್ಟಿನ ಕಾಫಿಗೆ ಹುಬ್ಬು ಹಾರಿಸಿದರೆ, "ಕೆಟ್ಟಿದೆ ಸರ್," ಎಂದು ಹೇಳಿ ಬಚಾವಾಗಿಬಿಡುತ್ತಾಳೆ.

ಹಿತ್ತಾಳೆ ಯಂತ್ರದ ಹಿಡಿಯನ್ನು ದೊಡ್ಡವಳು ನಿಧಾನಕ್ಕೆ ಕೆಳಗೆಳೆದಳು. ಮಾಲೀಕರು ಯಂತ್ರದ ಹೊಳಪಿಗೆ ಮರುಳಾಗಿ ಅದರ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದರು. ಚಿಕ್ಕವಳು ಕಪ್ಪು ತೆಗೆದುಕೊಂಡಳು, ಹೀರಿದಳು, ಉಗುಳಿದಳು. ಮತ್ತೆ ಅಕ್ಕನ ಕಡೆ ನೋಡಿದಳು. ಕಣ್ಣಲ್ಲಿ ನೀರಾಡುತ್ತಿತ್ತು. ಮಗುವಾಗಿದ್ದಾಗ ಕತ್ತಲೆಗೆ ಹೆದರಿ ಇವಳ ಸೆರಗಿನೊಳಗೆ ನುಗ್ಗುತ್ತಿದ್ದ ಅದೇ ಮುಖ. ದೊಡ್ಡವಳಿಗೆ ಪಾಪ ಅನ್ನಿಸಿತು, ಇಲ್ಲವೆನ್ನಲು ಬರುವುದಿಲ್ಲ. ಜೊತೆಗೆ ಆ ಗಿರಾಕಿಯ ಕಿಸಕ್ಕೆಂದ ನಗುವೂ ಕಿವಿಯಲ್ಲಿ ಕೇಳಿತು.

ಅವಳು ನಿಜ ಹೇಳಿದಳು. ಕಣ್ಣು ಕೆಳಗೆ ಹಾಕಿದಳು.

ಚಿಕ್ಕವಳ ಮುಖ ಅರಳಿತು. "ಇದು ಸರ್ ಕಾಫಿ ಅಂದ್ರೆ! ಏನು ಘಮ, ಏನು ಹದ! ಕಣ್ಣು ಮುಚ್ಚಿ ತಗೊಳ್ಳಿ."

ಮಾಲೀಕರು ಆಸೆಯಿಂದ ದೊಡ್ಡ ಗುಟುಕೇ ಹೀರಿದರು. ಮರುಗಳಿಗೆ ಸಿಂಕಿಗೆ ಓಡಿ ಥೂ ಎಂದು ಉಗಿದರು, ಬಾಯಿ ಮುಕ್ಕಳಿಸಿದರು. ಚಿಕ್ಕವಳು ಇಂಗು ತಿಂದ ಮಂಗನಂತೆ ನಿಂತಿದ್ದಳು.

"ಏನ್ರೀ ಇದು?" ಎಂದು ದೊಡ್ಡವಳ ಕಡೆ ತಿರುಗಿದರು. ಅವಳು ಒಂದು ಚಮಚ ಬಾಯಿಗೆ ಹಾಕಿ ಉಗುಳಿದಳು.

"ಸುಟ್ಟ ರಬ್ಬರ್ ಸರ್. ಗ್ಯಾಸ್ಕೆಟ್ ಹೋಗಿದೆ. ಆ ಉಕ್ಕಿಂದು ತಗೊಳ್ಳಿ, ನಿಮ್ಮ ನಾಲಿಗೆ ಸರಿಯಾಗೇ ಹೇಳಿತ್ತು."

ಮಾಲೀಕರು ಇಬ್ಬರನ್ನೂ ಬಹಳ ಹೊತ್ತು ನೋಡಿದರು. "ನಿಮಗೆ ಮೂಗು ಬಂದಿದೆ. ಇವರದು ಹೋಗಿದೆ. ಅಲ್ವಾ?" ಎಂದರು. ಚಿಕ್ಕವಳು ತಲೆ ತಗ್ಗಿಸಿದಳು. "ನೀವು ನಾಳೆಯಿಂದ ಬರೋದು ಬೇಡ," ಎಂದರು ಚಿಕ್ಕವಳಿಗೆ. ದೊಡ್ಡವಳಿಗೆ, "ನಿಮ್ಮ ಕುರ್ಚಿ ಖಾಲಿ ಇದೆ, ಬಂದು ಕೂತ್ಕೊಳ್ಳಿ," ಎಂದು ಹೇಳಿ, ಉಕ್ಕಿನ ಯಂತ್ರ ಕಟ್ಟಿಸಲು ಅಂಗಡಿಯವನ ಹತ್ತಿರ ಹೋದರು.

ಅಕ್ಕ ತಂಗಿ ಇಬ್ಬರೇ ಕಟ್ಟೆಯ ಬಳಿ ಉಳಿದರು.

"ನೀನು ಕಣ್ಣು ಕೆಳಗೆ ಹಾಕಿದ್ದು... ಅದು ನಿಜಾನಾ?" ಎಂದಳು ಚಿಕ್ಕವಳು.

"ನಿಜ."

"ಮೊದಲನೇದು?"

"ಅದೂ ನಿಜವೇ."

"ನೀನು ಸೇಡು ತೀರಿಸ್ಕೋತೀಯ ಅಂದ್ಕೊಂಡೆ ಅಕ್ಕಾ."

"ತೀರಿಸ್ಕೊಂಡೆನಲ್ಲ. ನಿಜ ಹೇಳಿದ್ರೆ ನೀನು ನಂಬಲ್ಲ ಅಂತ ಗೊತ್ತಾಯ್ತು, ಹೇಳ್ದೆ."

ಚಿಕ್ಕವಳು ಕಟ್ಟೆಗೊರಗಿ ಬಿಕ್ಕಿದಳು. ದೊಡ್ಡವಳಿಗೆ ಹೊಟ್ಟೆ ತಣ್ಣಗಾಯಿತು. ತಂಗಿಯ ಕಣ್ಣೊರೆಸಲು ಅವಳ ಕೈ ಏಳಲಿಲ್ಲ.

"ಮನೆಗೆ ಹೋಗಿ ಅಮ್ಮಂಗೆ ಏನಂತ ಹೇಳ್ಲಿ?" ಎಂದಳು ಚಿಕ್ಕವಳು ಕೊನೆಗೆ.

"ಬೇಜಾರಾಯ್ತು, ನಾನೇ ಬಿಟ್ಟೆ ಅಂತ ಹೇಳು," ಎಂದಳು ದೊಡ್ಡವಳು. "ನನ್ನನ್ನ ತೆಗೆದ ದಿನ ನಾನೂ ಅವಳಿಗೆ ಅದನ್ನೇ ಹೇಳಿದ್ದು. ನಿನ್ನ ಹೆಸರು ಎತ್ತಲೇ ಇಲ್ಲ ಕಣೇ ನಾನು, ಇವತ್ತಿನ ತನಕ."