ಕೋಗಿಲು ಅಜ್ಜಿ ರಂಗೋಲಿ

ಸರಳಾಳ ಚಾನೆಲ್ ಶುರುವಾದಾಗ ಅದನ್ನು ನೋಡುತ್ತಿದ್ದವರು ಅವಳ ತಂಗಿ, ತಂಗಿಯ ಗಂಡ, ಅವರನ್ನು ಬಿಟ್ಟರೆ ಸ್ವತಃ ಅವಳೇ. ತನ್ನ ವಿಡಿಯೋವನ್ನು ತಾನೇ ಮತ್ತೆ ಮತ್ತೆ ತೆರೆದು, ನೋಡಿದವರ ಲೆಕ್ಕ ಏರಿತೆಂದು ತಾನೇ ಹಿಗ್ಗುವಷ್ಟು ಹುಚ್ಚು ಅವಳಿಗೆ. ಗಂಡ ಸುಬ್ರಮಣಿ ಯಲಹಂಕದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ವೈರಿಂಗ್ ಕೆಲಸ ಮಾಡುವವನು. ಉಳಿದ ಪೈಪಿನ ತುಂಡುಗಳನ್ನು ಜೋಡಿಸಿ, ಹಳೆಯ ಫೋನನ್ನು ಬೋರಲಾಗಿ ನೇತುಹಾಕಲು ಒಂದು ಸ್ಟ್ಯಾಂಡ್ ಮಾಡಿಕೊಟ್ಟಿದ್ದ. ಅದನ್ನು ಹೊಸಿಲ ಮುಂದೆ ನಿಲ್ಲಿಸಿಕೊಂಡು ಸರಳಾ ಚುಕ್ಕಿ ಇಟ್ಟಿದ್ದೇ ಇಟ್ಟಿದ್ದು, ಬಣ್ಣ ತುಂಬಿದ್ದೇ ತುಂಬಿದ್ದು. ಜನ ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಫೋನ್ ಚಾಲೂ ಇರುವಾಗಲೇ ಅತ್ತೆ ಮುನಿನಾರಾಯಣಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಏನಮ್ಮಿ ಇದು, ಎಳೆ ಇಂಗಾ ಎಳೆಯೋದು? ಕೊಡಿಲ್ಲಿ,” ಎಂದು ಪುಡಿಯ ಡಬ್ಬಿ ಕಿತ್ತುಕೊಂಡರು.

ಮುಂಗೈ ತುಂಬ ಹಚ್ಚೆ, ಸಡಿಲವಾದ ಬೆಳ್ಳಿ ಕಡಗ, ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡ ಕಿರುಬೆರಳು. ಆ ಕೈ ಒಂದೇ ಉಸಿರಿಗೆ ಎಳೆದ ಎಳೆ ಎಲ್ಲಿಯೂ ತುಂಡಾಗಲಿಲ್ಲ. ಮುಖ ಕಾಣದ ಆ ವಿಡಿಯೋ ಎಷ್ಟು ಜನರ ಫೋನಿಗೆ ಹೋಯಿತೆಂದರೆ, ರಾಜಾನುಕುಂಟೆಯ ನೆಂಟರು ಅದನ್ನು ಸರಳಾಳಿಗೇ ಕಳಿಸಿ “ನೋಡಿ ಕಲ್ತ್ಕೋ” ಅಂದರು. ಊರಿನ ಹೆಸರೂ ಸೇರಿ ಚಾನೆಲ್ಲಿನ ಹೆಸರು ‘ಕೋಗಿಲು ಅಜ್ಜಿ ರಂಗೋಲಿ’ ಎಂದಾಯಿತು. ಪ್ರತಿ ಶುಕ್ರವಾರ ಒಂದು ವಿಡಿಯೋ. ಅತ್ತೆಗೆ ಹುರುಪು ಬಂದ ದಿನಗಳಲ್ಲಿ ನಾಲ್ಕಾರು ರಂಗೋಲಿ ಹಾಕಿಸಿ ಸರಳಾ ಫೋನಿನಲ್ಲಿ ಕೂಡಿಡುತ್ತಿದ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ಬಚ್ಚಲಲ್ಲಿ ಕುಸಿದ ಮುನಿನಾರಾಯಣಮ್ಮ ಮತ್ತೆ ಏಳಲಿಲ್ಲ. ಸರಳಾ ಅತ್ತದ್ದು ತೋರಿಕೆಗಲ್ಲ. ತಾಯಿಯನ್ನು ಕಾಣದೆ ಬೆಳೆದವಳಿಗೆ ಬೈದು ಕಲಿಸಿದ ಹೆಂಗಸು ಅವರೊಬ್ಬರೇ. ಆದರೆ ಸೂತಕ ಕಳೆದು ತನ್ನ ಕೈಯ ವಿಡಿಯೋ ಹಾಕಿದಾಗ “ಅಜ್ಜಿ ಎಲ್ಲಿ?” ಎಂದು ಕೇಳಿದವರೇ ಎಲ್ಲ. ನೋಡುವವರು ದಬದಬ ಇಳಿದರು. ಅಜ್ಜಿ ಇಲ್ಲ ಎಂದು ಬರೆಯಲು ಕೂತ ಸರಳಾ, ಬರೆದದ್ದನ್ನು ಅಳಿಸಿ, ಕೂಡಿಟ್ಟಿದ್ದ ವಿಡಿಯೋಗಳಲ್ಲಿ ಒಂದನ್ನು ಹಾಕಿದಳು. ಜನ ಮರಳಿ ಬಂದರು. “ಅಜ್ಜಿ ನೂರು ವರ್ಷ ಬಾಳಲಿ” ಎಂದು ಹರಸಿದರು. ಹರಕೆ ಓದುವಾಗ ಅಳುಕು, ನೋಡಿದವರ ಲೆಕ್ಕ ಓದುವಾಗ ಖುಷಿ. ಎರಡೂ ಒಟ್ಟಿಗೇ ಆಗುತ್ತಿತ್ತು.

ಅಲ್ಲಿಂದ ಪ್ರತಿ ಶುಕ್ರವಾರ ಅದೇ. ಇನ್ನೆಷ್ಟು ಉಳಿದಿವೆ ಎಂದು ಎಣಿಸಲಿಲ್ಲ. ಮುಗಿದುಬಿಟ್ಟರೆ ಎಂಬ ಹೆದರಿಕೆ. ಹಾಗಾಗಿ, ಅವು ಮುಗಿಯುತ್ತಲೇ ಇಲ್ಲ ಎಂಬುದು ವರ್ಷ ಕಳೆದರೂ ಅವಳ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಗ್ರಾನೈಟಿನಿಂದ. ಅತ್ತೆಯ ವರ್ಷದ ತಿಥಿ ಮುಗಿಸಿ ಸುಬ್ರಮಣಿ ಹೊಸಿಲ ಮುಂದಿನ ಒಡೆದ ಕಲ್ಲು ತೆಗೆಸಿ ಕಪ್ಪು ಗ್ರಾನೈಟ್ ಹಾಕಿಸಿದ್ದ. ಪಿತೃಪಕ್ಷದ ಶುಕ್ರವಾರ ಸರಳಾ ಹಾಕಲು ತೆಗೆದ ವಿಡಿಯೋದಲ್ಲಿ ಆ ಸೊಟ್ಟ ಕಿರುಬೆರಳು ಎಳೆ ಎಳೆಯುತ್ತಿದ್ದದ್ದು ಕಪ್ಪು ಗ್ರಾನೈಟಿನ ಮೇಲೆ. ಅತ್ತೆ ಆ ಕಲ್ಲನ್ನು ಕಂಡವರೇ ಅಲ್ಲ. ಸರಳಾ ಹಿಂದಿನ ವಾರದ್ದು ತೆಗೆದು ನೋಡಿದಳು. ಅದರಲ್ಲೂ ಗ್ರಾನೈಟ್. ಅದರ ಹಿಂದಿನದರಲ್ಲೂ. ನೋಡಿದ ಸಾವಿರಾರು ಜನಕ್ಕೆ ಅದೊಂದು ಬರೀ ಕಲ್ಲು.

ಹೆದರಿ ಪಕ್ಕದ ಮನೆಯ ಮುದುಕಿ ದ್ರೌಪದಮ್ಮನ ಹತ್ತಿರ ಹೋದಳು. ಫೋನಿನ ವಿಷಯ ಹೇಳಲಾರದೆ, ಸತ್ತವರು ಬಾಗಿಲಿಗೆ ಬರುವುದುಂಟೇ ಎಂದಷ್ಟೇ ಕೇಳಿದಳು.

“ಬಾಗ್ಲಿಗೆ ಬತ್ತಾರೆ, ಒಳಕ್ಕೆಂಗೆ ಬತ್ತಾರಮ್ಮಿ? ದಿನಾ ರಂಗೋಲಿ ಬಿಟ್ಟಿರ್ತೀಯ. ಅದನ್ನ ದಾಟಾಕಾಗಲ್ಲ ಅವ್ರಿಗೆ. ಅದ್ಕೇ ಎಡೆ ಇಡೋ ದಿನ ಒಸ್ಲು ಬರಿದಾಗಿ ಬಿಡೋದು. ಬಂದು ಉಂಡು ಓಗ್ಲಿ ಅಂತ.”

“ಉಂಡ್ಮೇಲೆ ಹೋಗ್ಬಿಡ್ತಾರಾ?”

“ಓಗ್ದೆ? ಮಾರ್ನೇ ದಿನ ಎಡೆ ಎತ್ತಿ ಕಾಗೆಗೆ ಆಕಿ, ಮನೆ ತೊಳೆದು, ಆಮೇಕೆ ರಂಗೋಲಿ ಬಿಡು. ಅದ್ಕೂ ಮುಂಚೆ ಬಿಟ್ಟೀಯ, ಉಸಾರು.”

ಮಹಾಲಯ ಅಮಾವಾಸ್ಯೆಯ ಸಂಜೆ ಎಡೆ ಇಟ್ಟರು. ಫೋಟೋ ಮುಂದೆ ಹೊಸ ಸೀರೆ, ಬಾಳೆಲೆಯಲ್ಲಿ ಮುದ್ದೆ, ಕೋಳಿ ಸಾರು, ಕಜ್ಜಾಯ, ಪಕ್ಕದಲ್ಲಿ ಎಲೆಅಡಿಕೆ. ಹೊಸಿಲು ಬರಿದಾಗಿತ್ತು. ಸುಬ್ರಮಣಿ ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದುಕೊಂಡ. ಹಿರಿಯರು ಉಣ್ಣುವಾಗ ಮನೆಯವರು ಹೊರಗೆ ನಿಲ್ಲುವುದು ಅವರ ಪದ್ಧತಿ. ಗಂಡ ಹೆಂಡತಿ ಅಂಗಳದಲ್ಲಿ ನಿಂತರು. ಒಳಗೆ ಕಡಗ ನೆಲಕ್ಕೆ ತಾಗಿದ ಸಣ್ಣ ಸದ್ದು ಸರಳಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಸುಬ್ರಮಣಿಗೆ ಕೇಳಿಸಿದಂತೆ ಕಾಣಲಿಲ್ಲ.

ಆಗ ಅವಳಿಗೆ ಬಂದ ಯೋಚನೆ ಎಂಥದ್ದೆಂದರೆ, ಹೇಳಲೂ ನಾಚಿಕೆ. ಅತ್ತೆ ಒಳಗೆ ಬಂದಾಗಿದೆ. ಉಂಡು ಹೊರಟರೆ ಮುಂದಿನ ಶುಕ್ರವಾರ ಏನು ಹಾಕುವುದು? ಆ ಕೈ ಇಲ್ಲದ ಚಾನೆಲ್ಲನ್ನು ನೋಡುವವರು ಯಾರು? ಆಸೆ ಅಷ್ಟೇ ಆಗಿದ್ದರೆ ಬೈದು ಬಿಡಬಹುದಿತ್ತು. ಆ ಕೈಯನ್ನು ಇನ್ನೆಂದೂ ಕಾಣಲಾರೆ ಎಂಬ ಸಂಕಟವೂ ಅದರೊಳಗೆ ಕಲಸಿಹೋಗಿತ್ತು.

ಬಾಗಿಲು ತೆರೆದು, ಎಡೆಯಲ್ಲಿ ಒಂದಿಷ್ಟನ್ನು ಪ್ರಸಾದವೆಂದು ಉಂಡು, ಸುಬ್ರಮಣಿ ತಮ್ಮನ ಮನೆಗೆ ಕಜ್ಜಾಯ ಕೊಡಲು ಹೋದ. ಸರಳಾ ಪುಡಿಯ ಡಬ್ಬಿ ತಂದು, ಇನ್ನೂ ಬೆಳಕಿರುವಾಗಲೇ ಹೊಸಿಲ ಉದ್ದಕ್ಕೂ ಎಳೆ ಎಳೆದಳು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಎಲ್ಲಿಯೂ ಸಂದಿಲ್ಲದ ಹಾಗೆ. ಜನ್ಮದಲ್ಲಿ ಮೊದಲ ಸಲ ಅವಳ ಎಳೆ ಅತ್ತೆಯ ಎಳೆಯಂತೆ ಬಂತು.

ಬೆಳಿಗ್ಗೆ ಎದ್ದವಳೇ ಫೋನ್ ನೋಡಿದಳು. ಹೊಸ ವಿಡಿಯೋ ಇತ್ತು.

ಈ ಸಲ ಹೊಸಿಲು ಕಂಡದ್ದು ಒಳಗಿನಿಂದ. ಆಚೆ ಗ್ರಾನೈಟ್, ತುಳಸಿ ಕುಂಡ, ಗೇಟು. ಸ್ಟ್ಯಾಂಡ್ ಅಂಗಳದಲ್ಲೇ ಇತ್ತು. ಅದನ್ನು ಯಾರೂ ಒಳಗೆ ತಂದಿರಲಿಲ್ಲ. ಅತ್ತೆಯ ಕೈ ರಂಗೋಲಿ ಹಾಕುತ್ತಿರಲಿಲ್ಲ. ಸರಳಾ ಎಳೆದ ಎಳೆಯ ಪಕ್ಕದಲ್ಲೇ, ಮುಟ್ಟದೆ, ಈ ಕೊನೆಯಿಂದ ಆ ಕೊನೆಗೆ ತಡಕಾಡುತ್ತಿತ್ತು. ಮತ್ತೆ ಆ ಕೊನೆಯಿಂದ ಈ ಕೊನೆಗೆ. ಕತ್ತಲಲ್ಲಿ ಚಿಲಕ ಹುಡುಕುವವರ ಹಾಗೆ. ವಿಡಿಯೋ ಮುಗಿಯಲಿಲ್ಲ, ಎಷ್ಟು ಮುಂದಕ್ಕೆ ಎಳೆದರೂ ಆ ಕೈ ಹುಡುಕುತ್ತಲೇ ಇತ್ತು.

“ಅಯ್ಯೋ, ಅತ್ತೆ!” ಎಂದು ಸರಳಾ ಓಡಿದಳು. ಸೆರಗಿನಿಂದ, ಅಂಗೈಯಿಂದ, ಎರಡೂ ಪಾದಗಳಿಂದ ಎಳೆಯನ್ನು ಉಜ್ಜಿದಳು. “ತಪ್ಪಾಯ್ತು ಅತ್ತೆ, ಹೋಗ್ಬನ್ನಿ. ನಾನೇ ಪಾಪಿ, ಹೋಗ್ಬನ್ನಿ.”

ಗಾಳಿಯಿರಲಿಲ್ಲ. ಕೆನ್ನೆಯ ಮೇಲೆ ತಣ್ಣಗೆ ಏನೋ ತಾಗಿತು. ಕಡಗದ ಸದ್ದು ಅವಳ ಪಕ್ಕದಲ್ಲೇ ಹಾದು, ತುಳಸಿ ಕುಂಡ ದಾಟಿ, ಗೇಟಿನಾಚೆ ಹೋಯಿತು.

ಕೋಣೆಯಿಂದ ಕಣ್ಣುಜ್ಜುತ್ತ ಬಂದ ಸುಬ್ರಮಣಿ ಅವಳನ್ನು ನೋಡಿ ನಿಂತ. “ಏನೇ ಅದು ಕೆನ್ನೆ ಮೇಲೆ?”

ಕನ್ನಡಿಯಲ್ಲಿ ನೋಡಿಕೊಂಡಳು. ಬಿಳಿ ಪುಡಿಯಲ್ಲಿ ನಾಲ್ಕು ಬೆರಳು ಮೂಡಿದ್ದವು, ಕೊನೆಯದು ಸೊಟ್ಟಗಿತ್ತು. ಹೊಡೆದದ್ದೋ ಸವರಿದ್ದೋ ಅವಳಿಗೆ ತಿಳಿಯಲಿಲ್ಲ. ಅತ್ತೆ ಬದುಕಿದ್ದಾಗಲೂ ಅದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಎಡೆ ಎತ್ತಿ ಕಾಗೆಗೆ ಹಾಕಿ, ಮನೆ ತೊಳೆದು ಬಂದಾಗ ಫೋನಿನಲ್ಲಿ ಕೂಡಿಟ್ಟ ವಿಡಿಯೋ ಒಂದೂ ಉಳಿದಿರಲಿಲ್ಲ. ಕೆನ್ನೆ ಒರೆಸಿಕೊಳ್ಳದೆ ಸರಳಾ ಸ್ಟ್ಯಾಂಡಿನ ಫೋನನ್ನು ಈ ಸಲ ತನ್ನ ಮುಖದ ಕಡೆಗೆ ತಿರುಗಿಸಿಕೊಂಡಳು. ಚಾನೆಲ್ ನೋಡುವವರಿಗೆ ಅವಳ ಮುಖ ಕಂಡದ್ದು ಅದೇ ಮೊದಲು.

“ಅಜ್ಜಿ ಹೋಗ್ಬಿಟ್ರು,” ಎಂದಳು. “ನಾನೇ ಬಿಟ್ಟಿರ್ಲಿಲ್ಲ.”