ಇಬ್ಬರು ಕೂತು ಬರೆದ ಪ್ರೋಗ್ರಾಮು

೧

ಬಸ್ಸಿನಿಂದ ಶುರು ಮಾಡೋಣ ಅಂದುಕೊಂಡಿದ್ದೆ. ಮಂಡ್ಯ ಸೀಮೆಯ ಕಥೆಗೆ ಇರುವುದೇ ಎರಡು ಬಾಗಿಲು: ಒಂದು ಬಸ್ಸು, ಇನ್ನೊಂದು ಕಬ್ಬಿನ ಗದ್ದೆ. ಬಸ್ಸಿನ ಕಿಟಕಿಯಿಂದ ಕಬ್ಬಿನ ಗದ್ದೆ ತೋರಿಸಿಬಿಟ್ಟರೆ ಎರಡು ಪುಟ ಸಲೀಸು. ಆದರೆ ಓದುಗರಾದ ನೀವು ಆ ಎರಡು ಪುಟವನ್ನು ಹಾರಿಸಿಯೇ ಓದುತ್ತೀರಿ. ಅಂದಮೇಲೆ ಬರೆಯುವುದೇಕೆ?

ಹುಟ್ಟಿನಿಂದ ಶುರು ಮಾಡಬಹುದು. ನಾಯಕಿ ಪಟ್ಟಲಮ್ಮ, ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯವಳು. ಸಾಫ್ಟ್‌ವೇರ್ ಡೆವಲಪರ್ ಆಗಿದ್ದವಳು, ಈಗ ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಡಂ. ಆದರೆ ಇಂಥವಳ ಕಥೆಯನ್ನು ತೊಟ್ಟಿಲಿನಿಂದ ಎತ್ತಿಕೊಂಡರೆ, ಅವಳು ಕಂಪ್ಯೂಟರ್ ಮುಟ್ಟುವ ಹೊತ್ತಿಗೆ ನೀವು ಎದ್ದು ಕಾಫಿಗೆ ಹೋಗಿರುತ್ತೀರಿ.

ಕೊನೆಗೆ ಅವಳನ್ನೇ ಕೇಳಿದೆ.

"ಎಲ್ಲಿ ಕೆಟ್ಟದೆ ಅಲ್ಲಿಂದ ಶುರು ಮಾಡ್ಲಾ," ಅಂದಳು. "ಕೆಟ್ಟಿರೋ ಪ್ರೋಗ್ರಾಮ್ನ ಮೊದಲ್ನೇ ಸಾಲಿಂದ ಪಾರಾಯಣ ಮಾಡ್ಕಂಡು ಓಯ್ತಾರಾ ಯಾರಾದ್ರೂವೆ?"

(ಪಾತ್ರವೊಂದು ಲೇಖಕನನ್ನು 'ಲಾ' ಅನ್ನಬಹುದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ನನ್ನ ವಯಸ್ಸು ನಿನ್ನ ವಯಸ್ಸು ಒಂದೇ ಅಂತ ಬರ್ಕೊಂಡಿರೋನು ನೀನೇ ತಾನೇ?" ಅಂದಳು. ತಿದ್ದಲು ಹೋಗಲಿಲ್ಲ.)

೨

ಕೆಟ್ಟದ್ದು ಪ್ರಿನ್ಸಿಪಾಲರ ರೂಮಿನಲ್ಲಿ. ಕಾಲೇಜಿನ ಹೆಸರು ಹೇಳುವುದಿಲ್ಲ. ಇಲ್ಲದ ಕಾಲೇಜಿಗೂ ಈಗ ವಕೀಲರಿರುತ್ತಾರೆ. ಪ್ರಿನ್ಸಿಪಾಲರ ಹೆಸರು ಜಯಪ್ರಕಾಶ್. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

"ನೋಡಿ ಮೇಡಂ, ನಿಮ್ಮ ಕ್ಲಾಸಿನ ಹುಡುಗೀರು ಗಗನಂದೂ ತೇಜುದೂ ಒಂದೇ ಪ್ರೋಗ್ರಾಮು. ಒಂದು ಅಕ್ಷರ ಆಚೆ ಈಚೆ ಇಲ್ಲ. ಕಂಪ್ಯೂಟರೇ ಹೇಳ್ತಿದೆ, ನೂರಕ್ಕೆ ನೂರು ಕಾಪಿ ಅಂತ."

"ಕಾಪಿ ಅಲ್ಲ ಸಾರ್. ಇಬ್ಬರೂ ಜೊತೇಲಿ ಕೂತು ಬರೆದದ್ದು."

"ನಾನೂ ಅದನ್ನೇ ಹೇಳ್ತಿರೋದು!"

ಇಲ್ಲಿ ನಿಮಗೊಂದು ವಿಷಯ ತಿಳಿಸಬೇಕು. ಪೇರ್ ಪ್ರೋಗ್ರಾಮಿಂಗ್ ಅಂತ ಒಂದು ಪದ್ಧತಿ ಇದೆ. ಒಂದು ಕಂಪ್ಯೂಟರಿನ ಮುಂದೆ ಇಬ್ಬರು ಕೂರುತ್ತಾರೆ. ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ನೋಡುತ್ತಾ "ಅಲ್ಲಿ ತಪ್ಪು, ಇಲ್ಲಿ ಮರೆತೆ" ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಅದಲುಬದಲು. ಹುಟ್ಟಿದ ಪ್ರೋಗ್ರಾಮು ಇಬ್ಬರದ್ದೂ. ಅಜೈಲ್ ಅನ್ನುವ ದೊಡ್ಡ ಸಂಸಾರದ ಒಂದು ಕೂಸು ಇದು. ಸ್ವಲ್ಪ ಮಾಡು, ಗಿರಾಕಿಗೆ ತೋರಿಸು, ತಪ್ಪಿದ್ದರೆ ತಿದ್ದು, ಮತ್ತೆ ಸ್ವಲ್ಪ ಮಾಡು: ಅಜೈಲ್ ಅಂದರೆ ಇಷ್ಟೇ. ಇಷ್ಟನ್ನು ಹೇಳಲು ಕಂಪನಿಗಳು ಮೂರು ದಿನದ ತರಬೇತಿ, ಊಟ ಮತ್ತು ಒಂದು ಟೀ-ಶರ್ಟು ಕೊಡುತ್ತವೆ.

ಸಿಲಬಸ್ಸು ಇಬ್ಬರು ಕೂತು ಬರೆಯಿರಿ ಅನ್ನುತ್ತದೆ. ಪರೀಕ್ಷೆಯ ನಿಯಮ ಒಬ್ಬೊಬ್ಬರೇ ಒಪ್ಪಿಸಿ ಅನ್ನುತ್ತದೆ. ಎರಡನ್ನೂ ಮಾಡಿದ್ದು ಒಂದೇ ಸಮಿತಿ. ಹುಡುಗಿಯರು ಎರಡನ್ನೂ ಪಾಲಿಸಿದರು: ಕೂತು ಬರೆದದ್ದು ಒಂದು, ಅವರವರ ಹೆಸರಲ್ಲಿ ಒಪ್ಪಿಸಿದ್ದು ಅದನ್ನೇ. ಹಾಗೆ ಒಪ್ಪಿಸಿ ಎಂದು ಹೇಳಿದವಳು ಪಟ್ಟಲಮ್ಮ.

(ಕ್ಲಾಸಿನ ಮಿಕ್ಕವರು ಚಾಟ್‌ಬಾಟಿನಿಂದ ಬರೆಸಿಕೊಂಡಿದ್ದರು. ಅದು ಒಬ್ಬೊಬ್ಬರಿಗೆ ಒಂದೊಂದು ಥರ ಬರೆದುಕೊಟ್ಟಿತ್ತು. ಒಂದಕ್ಕೊಂದು ಹೋಲಲಿಲ್ಲ. ಅವರೆಲ್ಲ ಪಾಸು.)

ಜಯಪ್ರಕಾಶರು ಉದಾರಿಗಳು. "ಇಬ್ಬರನ್ನೂ ಡಿಬಾರ್ ಮಾಡೋದು ನಂಗೂ ಇಷ್ಟ ಇಲ್ಲ ಮೇಡಂ. ಒಬ್ಬಳು ಬರೆದಿರ್ತಾಳೆ, ಒಬ್ಬಳು ಕಾಪಿ ಹೊಡೆದಿರ್ತಾಳೆ. ಬರೆದೋಳು ಯಾರು ಅಂತ ಶುಕ್ರವಾರ ಕಮಿಟಿ ಮುಂದೆ ನೀವು ಹೇಳಿ. ಅವಳು ಪಾಸು. ಇನ್ನೊಬ್ಬಳಿಗೆ ಒಂದು ವರ್ಷ ಅಷ್ಟೆ."

ಒಂದು ವರ್ಷ ಅಷ್ಟೆ. ಗಗನಳಿಗೆ ಅದು ಒಂದು ವರ್ಷ. ತೇಜುಗೆ ಸ್ಕಾಲರ್‌ಶಿಪ್ಪು ನಿಲ್ಲುತ್ತದೆ, ಅದರ ಜೊತೆಗೆ ಓದು.

೩ (ಕೈಬಿಟ್ಟದ್ದು)

ಇಲ್ಲಿ ಪಟ್ಟಲಮ್ಮನ ವೃತ್ತಿಜೀವನದ ದೀರ್ಘ ಅಧ್ಯಾಯವೊಂದಿತ್ತು. ಮೊದಲ ಕೆಲಸ ಇದೇ ಕಾಲೇಜಿನ ಕಂಪ್ಯೂಟರ್ ಸೆಂಟರಿನಲ್ಲಿ, ಅಂಕಪಟ್ಟಿ ಅಚ್ಚು ಹಾಕುವ ಪ್ರೋಗ್ರಾಮು ಬರೆಯುವುದು. ಆಮೇಲೆ ಮೈಸೂರಿನ ಕಂಪನಿ, ದಿನಾ ರೈಲು ಪಾಸು. ಬೆಳಿಗ್ಗೆ ರೈಲಿನಲ್ಲಿ ಸೀಟಿಲ್ಲದೆ ನಿಂತು ಹೋದವಳನ್ನು ಆಫೀಸಿನಲ್ಲಿ ಮತ್ತೆ ನಿಲ್ಲಿಸಿ, "ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ" ಎಂದು ಕೇಳುತ್ತಿದ್ದರು. ಅದು ಸ್ಟ್ಯಾಂಡ್-ಅಪ್ ಮೀಟಿಂಗು. ಕೂತರೆ ಮಾತು ಉದ್ದವಾಗುತ್ತದೆ, ಅದಕ್ಕೇ ನಿಂತು ಐದು ನಿಮಿಷದಲ್ಲಿ ಮುಗಿಸುವುದು.

ಅವಳಿಗೆ ಅದು ಹಿಡಿಸಿತು. ಚೆನ್ನಾಗಿ ಕಲಿತಳು, ಕಲಿಸಿದಳು. ಆಮೇಲೆ ಮ್ಯಾನೇಜರುಗಳಿಗೂ ಹಿಡಿಸಿತು, ಅಲ್ಲಿಗೆ ಕೆಟ್ಟಿತು. ಬೇಸತ್ತು ಕಾಲೇಜಿಗೆ ವಾಪಸು ಬಂದಳು. ಮಕ್ಕಳಿಗಾದರೂ ಸರಿಯಾಗಿ ಕಲಿಸೋಣ ಅಂತ.

ಕಾಲೇಜಿನಲ್ಲಿ ಸ್ಟ್ಯಾಂಡ್-ಅಪ್ ಮೀಟಿಂಗಿಗೆ ಹಾಜರಿ ಪುಸ್ತಕ ಇಟ್ಟರು. ಪಿರಿಯಡ್ಡು ಪೂರ್ತಿ ನಿಲ್ಲಿಸಿದರು, ಕೂತವರಿಗೆ ಗೈರುಹಾಜರಿ. "ಯೋಜನೆಗಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ" ಎಂಬ ಅಜೈಲ್ ಸೂತ್ರವನ್ನು ಜುಲೈನಲ್ಲೇ ಡಿಸೆಂಬರಿನವರೆಗೆ ಯೋಜನೆ ಹಾಕಿ ಪಾಠ ಮಾಡಿಸಿದರು.

(ಅಧ್ಯಾಯ ಓದಿ ಪಟ್ಟಲಮ್ಮ ಅಂದದ್ದು: "ಇದುನ್ನೆಲ್ಲಾ ತೆಗ್ದಾಕು. ಎರಡು ಮಕ್ಕಳು ತೂಗಾಡ್ತಾ ಅವೆ, ನೀನು ನನ್ನ ಸನ್ಮಾನಪತ್ರ ಬರೀತಾ ಕೂತಿದ್ದೀಯ." ತೆಗೆದಿದ್ದೇನೆ. ನೀವು ಓದಿದ್ದು ತೆಗೆದಮೇಲೆ ಉಳಿದದ್ದು.)

೪

ಈಗ ಹುಡುಗಿಯರು. ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: "ಮದ್ದೂರಿನ ಗಗನ, ಚುರುಕು ಕಣ್ಣಿನ ಹುಡುಗಿ. ಪಕ್ಕದಲ್ಲಿ ಮಳವಳ್ಳಿ ಕಡೆಯ ತೇಜು, ಸಂಕೋಚದಿಂದ ಮುದುಡಿ…"

"ಸಾರ್," ಅಂದಳು ತೇಜು.

ಪಾತ್ರಗಳಿಗೆ ಪ್ರವೇಶ ಕೊಡುವ ಮೊದಲೇ ಮಾತಾಡುವ ಹುಡುಗಿ.

"ನಾನ್ಯಾಕ್ ಸಾರ್ ಮುದುಡ್ಕೊಬೇಕು?"

"ಇಲ್ಲಮ್ಮ, ಸುಮ್ಮನೆ ಒಂದು ಚಿತ್ರ ಕೊಡೋಣ ಅಂತ…"

"ಅವಳ್ಗೆ ಚುರುಕು ಕಣ್ಣು ಕೊಟ್ಟಿದ್ದೀರ. ಅವಳ್ಗೆ ಕನ್ನಡಕ ಇಲ್ದೆ ಸ್ಕ್ರೀನೇ ಕಾಣ್ಸಲ್ಲ."

"ಹೂಂ ಸಾರ್, ಕಾಣ್ಸಲ್ಲ," ಅಂದಳು ಗಗನ, ಕನ್ನಡಕ ಏರಿಸಿಕೊಳ್ಳುತ್ತಾ. "ಇವಳು ಸಂಕೋಚದೋಳಾ? ನಾನು ಒಂದು ಸಾಲು ತಪ್ಪು ಬರುದ್ರೆ ತಲೆ ಮೇಲೆ ಮೊಟಕ್ತಾಳೆ."

ಗಗನಳ ಅಪ್ಪ ಸಿದ್ದರಾಜು, ಗದ್ದೆಯಿರುವವರು, ಕಬ್ಬಿನವರು. ತೇಜುವಿನ ಅಮ್ಮ ಚಿಕ್ಕನಂಜಮ್ಮ ಅಂಗನವಾಡಿಯಲ್ಲಿ ಅಡುಗೆ. ಯಾರು ಯಾರ ಪೈಕಿ ಎಂದು ನಾನು ಬರೆದಿಲ್ಲ. ನೀವು ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದ್ದೀರಿ. ಕಮಿಟಿಯೂ ಮುಗಿಸಿತ್ತು. ಆ ಕರಡು ಬರೆಯುವಾಗ ನನ್ನ ಕೈಯೂ ಮುಗಿಸಿತ್ತು. ಬರೆದವಳು ಯಾರು, ಹೊಡೆದವಳು ಯಾರು ಎಂದು ಯಾರೂ ಯಾರನ್ನೂ ಕೇಳುವ ಅಗತ್ಯವೇ ಇರಲಿಲ್ಲ. ಪಟ್ಟಲಮ್ಮನ ಬಾಯಲ್ಲಿ ಅದು ಬರಬೇಕಿತ್ತು ಅಷ್ಟೇ.

ಇಬ್ಬರು ಬರೆದಿದ್ದ ಪ್ರೋಗ್ರಾಮು ಕಬ್ಬು ಕಟಾವಿನ ಸರದಿಯದು. ಯಾರ ಕಬ್ಬು ಯಾವಾಗ ಕಡಿಯುತ್ತಾರೆ ಎಂದು ರೈತರ ಫೋನಿಗೆ ತಿಳಿಸುವುದು. ಕಬ್ಬಿನ ಸಂಕಟ ಗಗನಳ ಮನೆಯದು. ಅದನ್ನು ಪ್ರೋಗ್ರಾಮು ಮಾಡಬಹುದು ಎಂಬ ಐಡಿಯಾ ತೇಜುವಿನದು. ಅಥವಾ ತಿರುಗಾಮುರುಗಾ. ಅವರಿಗೇ ಈಗ ನೆನಪಿಲ್ಲ.

೫

ಶುಕ್ರವಾರಕ್ಕೆ ಮುಂಚೆ ಅಂತ್ಯ ಸಿದ್ಧವಿರಲಿ ಎಂದು ಕೆಲವನ್ನು ಮಾಡಿಟ್ಟುಕೊಂಡೆ. ಗಿರಾಕಿಗೆ ತೋರಿಸಬೇಕಲ್ಲ.

ಅ. ಪಟ್ಟಲಮ್ಮ ಕಮಿಟಿಯವರನ್ನೇ ಜೋಡಿ ಜೋಡಿಯಾಗಿ ಕಂಪ್ಯೂಟರಿನ ಮುಂದೆ ಕೂರಿಸುತ್ತಾಳೆ. ಅವರು ಕೂಡಿ ಬರೆಯುತ್ತಾರೆ. ಜ್ಞಾನೋದಯ, ಚಪ್ಪಾಳೆ. (ಜಯಪ್ರಕಾಶರು ಒಂದೇ ಬೆರಳಲ್ಲಿ ಟೈಪ್ ಮಾಡುವವರು. ಜ್ಞಾನೋದಯಕ್ಕೆ ಮುಂಚೆ ಕಾಲೇಜಿನ ಬಸ್ಸು ಹೊರಡುತ್ತದೆ.)

ಆ. ಪಟ್ಟಲಮ್ಮ ರಾಜೀನಾಮೆ ಬಿಸಾಕಿ ಮುತ್ತತ್ತಿಗೆ ಹೋಗುತ್ತಾಳೆ. ಆಂಜನೇಯನಿಗೆ ಕೈಮುಗಿದು ಲ್ಯಾಪ್‌ಟಾಪನ್ನು ಕಾವೇರಿಗೆ ಬಿಡುತ್ತಾಳೆ. ನದಿ ಹರಿಯುತ್ತಲೇ ಇರುತ್ತದೆ.

"ಲ್ಯಾಪ್‌ಟಾಪು ಕಾಲೇಜಿಂದು ಕಣ್ಲಾ," ಅಂದಳು ಪಟ್ಟಲಮ್ಮ. "ಅದೂ ಅಲ್ದೆ, ನಾನು ಮುತ್ತತ್ತಿಗೆ ಓದ್ರೆ ಆ ಮಕ್ಕಳ ಗತಿ ಏನು? ನಿಂಗೆ ನದಿ ಬರ್ದು ಮುಗುಸ್ಬೇಕು, ಅಷ್ಟೆ."

ಇ. ಪಟ್ಟಲಮ್ಮ 'ಗಗನ' ಎನ್ನುತ್ತಾಳೆ. ಎಲ್ಲರೂ ಮನೆಗೆ ಹೋಗುತ್ತಾರೆ.

ಮೂರರಲ್ಲಿ ನಿಜವಾಗಿ ಆಗಬಹುದಾದದ್ದು ಇದೊಂದೇ, ಬರೆಯಲು ಒಂದೇ ಸಾಲು ಸಾಕಾದದ್ದೂ ಇದೇ.

೬

ಶುಕ್ರವಾರ ಪಟ್ಟಲಮ್ಮ ಕಮಿಟಿ ರೂಮಿನ ಬಾಗಿಲಲ್ಲಿರುವಾಗ ಗಗನಳ ಅಪ್ಪ ಸಿದ್ದರಾಜು ಫೋನು ಮಾಡಿದರು. "ಮೇಡಮ್ಮೋರೆ, ನಮ್ಮುಡುಗಿ ಬರ್ದವ್ಳೆ ಅಂತ ಒಂದ್ ಮಾತು ಯೋಳ್ಬುಡಿ. ಸುಳ್ಳೇನಲ್ವಲ್ಲ?"

ಸುಳ್ಳಲ್ಲ, ಅದೇ ತೊಂದರೆ. ಪಟ್ಟಲಮ್ಮ ಫೋನು ಇಟ್ಟಳು.

ಒಳಗೆ ಜಯಪ್ರಕಾಶರು, ಪಕ್ಕದಲ್ಲಿ ಮಾತಾಡದ ಇಬ್ಬರು ಪ್ರೊಫೆಸರುಗಳು. ಹುಡುಗಿಯರು ಎದುರಿಗೆ. ನಾನು ಬರೆದಿದ್ದದ್ದು: "ಇಬ್ಬರೂ ತಲೆ ತಗ್ಗಿಸಿ ನಿಂತರು." ಅವರು ಹಾಗೆ ಮಾಡಲಿಲ್ಲ.

"ಸಾರ್, ನಾನು ಕಾಪಿ ಮಾಡಿದ್ದು," ಅಂದಳು ಗಗನ.

"ಇಲ್ಲ ಸಾರ್! ನಾನು ಕಾಪಿ ಮಾಡಿದ್ದು," ಅಂದಳು ತೇಜು. ಆಮೇಲೆ ಪಕ್ಕಕ್ಕೆ ತಿರುಗಿ, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ: "ನಾನು ಯೋಳ್ತೀನಿ, ನೀನು ಸುಮ್ಕಿರು ಅಂದಿರ್ಲಿಲ್ವೇನೇ?"

"ನಿನ್ನ ಸ್ಕಾಲರ್‌ಶಿಪ್ಪು ಓಯ್ತದೆ ಕಣೇ. ಮುಚ್ಕೊಂಡ್ ನಿಂತ್ಕೊ."

ಜಯಪ್ರಕಾಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಬ್ಬರೂ ಕಾಪಿ ಮಾಡಿದ್ರೆ ಬರೆದೋರು ಯಾರಮ್ಮ?"

ಮೂವತ್ತು ವರ್ಷದ ಸೇವೆಯಲ್ಲಿ ಅವರು ಕಾಪಿ ಮಾಡಿಲ್ಲ ಎಂದು ಅತ್ತವರನ್ನು ನೋಡಿದ್ದರು. ಕಾಪಿ ನನ್ನದು, ನನ್ನದು ಎಂದು ಜಗಳ ಆಡುವವರನ್ನು ನೋಡಿರಲಿಲ್ಲ.

"ಮೇಡಂ, ನೀವು ಹೇಳಿ. ಒಂದು ಹೆಸರು."

"ಎರಡು ಹೆಸರು ಹೇಳ್ತೀನಿ ಸಾರ್."

"ನಿಮ್ಮ ಕಾಂಟ್ರಾಕ್ಟು ಜೂನ್‌ನಲ್ಲಿ ರಿನ್ಯೂವಲ್ಲಿಗೆ ಬರುತ್ತೆ ಅಲ್ವಾ?"

"ಬತ್ತದೆ," ಅಂದಳು ಪಟ್ಟಲಮ್ಮ. ಪ್ರಿನ್ಸಿಪಾಲರ ಮುಂದೆ ಅವಳ ನಾಲಿಗೆಗೆ ಊರಿನ ಮಾತು ಬಂದದ್ದು ಅದೇ ಮೊದಲು. "ಜೂನಿಗೆ ನಂದು ನೋಡಿ. ಇವತ್ತು ಇವರದ್ದು. ಗಗನ, ತೇಜು. ತೇಜು, ಗಗನ. ಯಾವ ಕಡೆಯಿಂದ ಬರ್ಕೊಂಡ್ರೂ ಸರಿ."

(ಇಲ್ಲಿ ನಿಲ್ಲಿಸಬಹುದಿತ್ತು. ಎದೆ ತುಂಬಿ ಬರುವಂತಿದೆ. ಆದರೆ ಒಂದು ಒಳ್ಳೆಯ ಮಾತಿನಿಂದ ವಿಚಾರಣೆ ಮುಗಿದ ಕಾಲೇಜು ನಿಮಗೆ ಗೊತ್ತಿದ್ದರೆ ವಿಳಾಸ ತಿಳಿಸಿ.)

೭

ಜಯಪ್ರಕಾಶರಿಗೆ ಐಡಿಯಾ ಹೊಳೆಯಿತು. ಇಬ್ಬರನ್ನೂ ಬೇರೆ ಬೇರೆ ಲ್ಯಾಬಿನಲ್ಲಿ ಕೂರಿಸುವುದು. ಇಬ್ಬರಿಗೂ ಒಂದೇ ಪ್ರಶ್ನೆ: ಒಬ್ಬ ರೈತ ತನ್ನ ಸರದಿ ಬಿಟ್ಟುಕೊಟ್ಟರೆ ಹಿಂದಿನವರೆಲ್ಲ ಮುಂದಕ್ಕೆ ಬರುವ ಹಾಗೆ ಪ್ರೋಗ್ರಾಮು ಮಾಡಿ. "ಬರೆದೋಳು ಬರೀತಾಳೆ. ಹೊಡೆದೋಳು ಮಧ್ಯದಲ್ಲಿ ನಿಂತುಹೋಗ್ತಾಳೆ. ಕಿವಿಗೇ ಗೊತ್ತಾಗುತ್ತೆ."

ಬೇರೆ ಬೇರೆ ಲ್ಯಾಬು ಅಂದರೆ, ಇದ್ದದ್ದು ಒಂದೇ. ಕಾಲೇಜಿಗೆ ಗ್ರೇಡು ಕೊಡುವವರು ತಪಾಸಣೆಗೆ ಬಂದಾಗ ಎರಡು ಕಾಣಲಿ ಎಂದು ನಡುವೆ ಪ್ಲೈವುಡ್ ಹೊಡೆದಿದ್ದರು. ಅದು ಸೂರಿನವರೆಗೆ ಹೋಗಿರಲಿಲ್ಲ, ಸದ್ದು ಮೇಲಿನಿಂದ ದಾಟುತ್ತಿತ್ತು.

ಹುಡುಗಿಯರು ಒಳಗೆ. ವರಾಂಡದಲ್ಲಿ ಪಟ್ಟಲಮ್ಮ, ಜಯಪ್ರಕಾಶ್, ನಾನು. (ನಾನು ಯಾಕೆ ಎಂದು ಯಾರೂ ಕೇಳಲಿಲ್ಲ. ಕಾಲೇಜುಗಳಲ್ಲಿ ವರಾಂಡದಲ್ಲಿ ನಿಂತವನನ್ನು ಗಾರ್ಡಿಯನ್ ಅಂದುಕೊಳ್ಳುತ್ತಾರೆ.)

ಎಡಗಡೆ ಕೀಬೋರ್ಡು ಶುರುವಾಯಿತು. ಟಕಟಕ ಟಕಟಕ. ಬಲಗಡೆ ಸದ್ದಿಲ್ಲ. ಜಯಪ್ರಕಾಶರ ಹುಬ್ಬು ಮೇಲೇರಿತು.

ಎಡಗಡೆಯದು ನಿಂತಿತು. ಬಲಗಡೆಯದು ಹೊರಟಿತು.

ಹುಬ್ಬು ಅಲ್ಲೇ ನಿಂತಿತು.

ಬಲಗಡೆಯದು ನಿಂತಿತು. ಎಡಗಡೆಯದು ಹೊರಟಿತು. ಆರು ತಿಂಗಳು ಹಾಗೇ ಅಭ್ಯಾಸ. ಒಬ್ಬಳ ಬೆರಳು ಓಡುವಾಗ ಇನ್ನೊಬ್ಬಳ ಬೆರಳು ಕಾಯುತ್ತದೆ. ಇಬ್ಬರೂ ಬಾಯಿ ಬಿಟ್ಟಿಲ್ಲ, ಒಬ್ಬರ ಸ್ಕ್ರೀನು ಒಬ್ಬರಿಗೆ ಕಾಣುವುದಿಲ್ಲ.

"ನೋಡಿ, ನೋಡಿ! ಇಲ್ಲೂ ಶುರು ಮಾಡಿದ್ರು," ಅಂದರು ಜಯಪ್ರಕಾಶ್.

"ಏನು ಶುರು ಮಾಡಿದ್ರು ಸಾರ್?"

ಅದಕ್ಕೆ ಹೆಸರು ಅವರಿಗೆ ಸಿಗಲಿಲ್ಲ. ಕಾಪಿ ಅನ್ನಲು ಬಾಯಿ ತೆರೆದರು, ಮುಚ್ಚಿದರು. ಆಮೇಲೆ, ಇದ್ದಕ್ಕಿದ್ದ ಹಾಗೆ, ನನ್ನ ಕಡೆ ತಿರುಗಿದರು. "ನೀವು ಬರೆಯೋರಲ್ವಾ? ಎಡಗಡೆ ಲ್ಯಾಬಲ್ಲಿ ಯಾರು, ಬಲಗಡೆ ಯಾರು? ಮೊದಲು ನಿಂತಿದ್ದು ಯಾರದ್ದು? ಬರೀರಿ. ನೀವು ಬರೆದ್ರೆ ಮುಗೀತು."

ಮುಗಿಯುತ್ತದೆ, ಹೌದು. ಎಡಗಡೆ ಎಂಬ ಪದದ ಮುಂದೆ ಒಂದು ಹೆಸರು ಹಾಕಿದರೆ ಸಾಕು, ಇನ್ನೊಂದು ಹೆಸರಿಗೆ ಒಂದು ವರ್ಷ. ಇಬ್ಬರನ್ನೂ ಒಳಗೆ ಕಳಿಸುವಾಗ ನಾನು ಅದನ್ನು ಬರೆದಿರಲಿಲ್ಲ. ಮರೆತೆ ಅಂದುಕೊಂಡಿರಾ? ಹಿಂದೆ ತಿರುಗಿಸಿ ನೋಡುತ್ತಿದ್ದೀರಿ, ಗೊತ್ತು. ಸಿಗುವುದಿಲ್ಲ. ನೀವಂತೂ ಈಗಾಗಲೇ ಮನಸ್ಸಿನಲ್ಲಿ ಇಬ್ಬರನ್ನೂ ಒಂದೊಂದು ಕಡೆ ಕೂರಿಸಿಬಿಟ್ಟಿದ್ದೀರಿ. ಯಾಕೆ ಹಾಗೇ ಕೂರಿಸಿದಿರಿ ಎಂದು ಒಮ್ಮೆ ಕೇಳಿಕೊಳ್ಳಿ.

"ಬರೀಬ್ಯಾಡ," ಅಂದಳು ಪಟ್ಟಲಮ್ಮ, ಮೆಲ್ಲಗೆ. ಈ ಸಲ 'ಲಾ' ಇರಲಿಲ್ಲ.

ಎಡಗಡೆಯದು ನಿಂತಿದೆ. ಬಲಗಡೆಯದು ಇನ್ನೂ ಹೊರಟಿಲ್ಲ. ಪ್ಲೈವುಡ್ಡಿನ ಎರಡೂ ಬದಿಯಲ್ಲಿ ಯಾರೋ ಯೋಚಿಸುತ್ತಿದ್ದಾರೆ. ಪ್ರಿನ್ಸಿಪಾಲರು ನನ್ನ ಬೆರಳುಗಳನ್ನೇ ನೋಡುತ್ತಿದ್ದಾರೆ, ಅದಕ್ಕೇ ನಾನು ಕೀಬೋರ್ಡಿನಿಂದ ಕೈ